ಸೇರೋ, ಶೇರೋ

ಜನವರಿ ೧೧, ೧೯೦೯. ಸೋಮವಾರ.

ಬರೆಯಬೇಕಂತೆ. ದಿನಕ್ಕೊಂದು ಪುಟ. ಈ ವಯಸ್ಸಿನಲ್ಲಿ ನನಗೆ ಬೇಕಿತ್ತೇ ಇದು? ಕುರಿ ಬಿಟ್ಟು ಬಂದು, ಕಂಬಳಿ ಹಾಸಿ ಕೂತು, ಮಸಿಕುಡಿಕೆ ಮೊಣಕಾಲ ಹತ್ತಿರ ಇಟ್ಟುಕೊಂಡು... ಆಗಲೇ ಎರಡು ಸಲ ಚೆಲ್ಲಿತು. ಹೆಂಡತಿ ಕರಿಯಕ್ಕ ಬಾಗಿಲಲ್ಲಿ ನಿಂತು ನಗುತ್ತಿದ್ದಾಳೆ. ನಗಲಿ.

ಎಲ್ಲ ಮೊಳಕಾಲ್ಮೂರು ಸ್ಕೂಲಿನ ನಾಗೇಂದ್ರಪ್ಪ ಮೇಷ್ಟ್ರ ಕಿತಾಪತಿ. ನಾನು ಕೇಳಲು ಹೋದದ್ದು ಒಂದೇ ಒಂದು ಇಂಗ್ಲಿಷ್ ಮಾತಿನ ಅರ್ಥ.

"ಪಾಲಯ್ಯನೋರೆ, ಅರ್ಥ ಹೇಳಿದ್ರೆ ನಂಬ್ತೀರಾ?" ಎಂದರು.

"ನಂಬಲ್ಲ."

"ಮತ್ತೆ? ನೀವೇ ಅಕ್ಷರ ಕೂಡಿಸಿ ಓದ್ಬೇಕು. ಅದಕ್ಕೆ ಮೊದ್ಲು ಕನ್ನಡದಾಗೆ ಕೈ ಕೂತ್ಕಬೇಕು. ದಿನಾ ಒಂದು ಪುಟ ಬರೀರಿ."

"ಏನಂತ?"

"ಏನಾದ್ರೂ. ನಾನು ಓದಲ್ಲ. ಸಂತೆ ದಿನ ಬಂದಾಗ ಬೆರಳಿಗೆ ಮಸಿ ಐತಾ ಅಂತ ನೋಡ್ತೀನಿ, ಅಷ್ಟೇ."

ಐಗಳ ಮಠದಲ್ಲಿ ಮರಳ ಮೇಲೆ ತಿದ್ದಿದವನು ನಾನು. ಒತ್ತಕ್ಷರ ಮುಗಿಯುವ ಮೊದಲೇ ಅಪ್ಪ ಕೈಗೆ ಕೋಲು ಕೊಟ್ಟು ಕುರಿ ಹಿಂದೆ ಅಟ್ಟಿದ. ಮರಳಾದರೆ ತಪ್ಪಿದ್ದನ್ನು ಅಂಗೈಯಲ್ಲಿ ಸವರಿ ಹಾಕಬಹುದು. ಕಾಗದದ ಮೇಲೆ ತಪ್ಪು ಹಾಗೇ ನಿಂತು ಮುಖ ನೋಡುತ್ತದೆ.

ಪುಟ ತುಂಬಿತೇ? ಇಲ್ಲ. ಮುಕ್ಕಾಲು. ಸಾಕು.

ಜನವರಿ ೧೨. ಮಂಗಳವಾರ.

ಯಾರೂ ಓದುವುದಿಲ್ಲ ಎಂದ ಮೇಲೆ ನಡೆದದ್ದನ್ನೇ ಬರೆಯುತ್ತೇನೆ.

ಜಟಿಂಗ ರಾಮೇಶ್ವರ ಗುಡ್ಡದ ಪಕ್ಕೆಯಲ್ಲಿ ಒಂದು ದೊಣೆ ಇದೆ. ಹಾಸುಬಂಡೆಯಲ್ಲಿ ತಾನಾಗಿ ಆದ ಗುಂಡಿ. ಮಳೆಗಾಲದಲ್ಲಿ ತುಂಬಿದರೆ ಬೇಸಿಗೆ ಮುಗಿಯುವವರೆಗೂ ನೀರು. ಗುಡ್ಡದ ಈಚೆ ನಮ್ಮ ಹಟ್ಟಿ. ಆಚೆ ನನ್ನ ತಂಗಿ ಬೋರಕ್ಕನ ಹಟ್ಟಿ. ಗಂಡ ಹೋದ ಮೇಲೆ ಅಲ್ಲಿ ಅವಳದೇ ಯಜಮಾನಿಕೆ. ನನ್ನ ಮಗಳು ನಿಂಗಕ್ಕನನ್ನು ಅವಳ ಮಗನಿಗೇ ಕೊಟ್ಟಿದ್ದೇನೆ. ದೊಣೆ ಎರಡೂ ಹಟ್ಟಿಗೆ ಸೇರಿದ್ದು, ಅಪ್ಪನ ಕಾಲದಿಂದ. ಬೆಳಿಗ್ಗೆ ನನ್ನ ಕುರಿ ಮೊದಲು ಕುಡಿಯುತ್ತವೆ. ಆಮೇಲೆ ಅವಳವು. ನಾನು ಅಣ್ಣ. ಇದರಲ್ಲಿ ಕೇಳುವಂಥದ್ದು ಏನಿದೆ?

ಅವಳು ಕೇಳಿದಳು. ದೊಣೆಗೆ ನಡುವೆ ಗೋಡೆ ಹಾಕಬೇಕಂತೆ. ಅರ್ಧ ನಿನಗೆ, ಅರ್ಧ ನನಗೆ.

ದೀಪಾವಳಿ ಕಳೆದ ಮೇಲೆ ಒಂದು ದಿನ ದೊಣೆ ದಡದಲ್ಲೇ ಇಬ್ಬರಿಗೂ ಜಗಳ ಹತ್ತಿತು. ಅವತ್ತು ಗುಡ್ಡದ ಮೇಲೆ ಒಬ್ಬ ಬಿಳಿ ಸಾಹೇಬ ಇದ್ದ. ಬಂಡೆ ಮೇಲೆ ಯಾವುದೋ ಕಾಲದ ಅಕ್ಷರ ಇವೆಯಲ್ಲ, ಅದಕ್ಕೆ ಒದ್ದೆ ಕಾಗದ ಮೆತ್ತಿ ಅಚ್ಚು ತೆಗೆಯುವವನು. ಕನ್ನಡ ಬಲ್ಲ ಅವನ ಗುಮಾಸ್ತ ಊಟ ತರಲು ಕೆಳಗೆ ಹೋಗಿದ್ದ.

ನಾನೇ ಅಂದೆ. "ಏ ಬೋರಿ, ಈ ಮನುಷ್ಯ ನನ್ನ ಕಡೆಯವ್ನೂ ಅಲ್ಲ, ನಿನ್ನ ಕಡೆಯವ್ನೂ ಅಲ್ಲ. ಇವ್ನು ಏನಂತಾನೋ ಅದೇ."

"ಅದೇ," ಎಂದಳು. "ರಾಮೇಶ್ವರನ ಮ್ಯಾಲಾಣೆ." ಹೋಗಿ ಗುಡಿ ಮೆಟ್ಟಿಲು ಮುಟ್ಟಿ ಬಂದಳು. ನಾನೂ ಮುಟ್ಟಿದೆ.

ಸಾಹೇಬನ ಒಂದು ಕೈಯಲ್ಲಿ ಬ್ರಷ್ಷು, ಇನ್ನೊಂದರಲ್ಲಿ ಒದ್ದೆ ಕಾಗದ. ನೀರು ತೋರಿಸಿದೆ. ಎರಡು ಹಿಂಡು ತೋರಿಸಿದೆ. ಬೋರಕ್ಕನೂ ಜೊತೆಗೇ ಕೂಗಾಡಿದಳು. ಅವನು ನನ್ನ ಮುಖ ನೋಡಿದ, ಅವಳ ಮುಖ ನೋಡಿದ. ಒಂದು ಮಾತು ಅಂದ. ತಿರುಗಿ ಕಾಗದ ಮೆತ್ತಲು ಹೋದ. ಕೈ ಸನ್ನೆ ಗಿನ್ನೆ ಏನೂ ಇಲ್ಲ, ಕೈ ಖಾಲಿ ಇರಲಿಲ್ಲವಲ್ಲ.

ನನ್ನ ಕಿವಿಗೆ ಬಿದ್ದದ್ದು—"ಸೇರ್." ಸೇರಿ, ಅಂತ. ಸೇರಿಕೊಂಡು ಕುಡಿಸಿ. ಅರೆಬರೆ ಕನ್ನಡ.

ಅವಳ ಕಿವಿಗೆ ಬಿದ್ದದ್ದು—"ಶೇರ್." ಅದು ಇಂಗ್ಲಿಷಂತೆ. ಪಾಲು ಮಾಡಿ, ಅಂತ ಅರ್ಥವಂತೆ.

ಇಂಗ್ಲಿಷು ಅವಳಿಗೆಲ್ಲಿಂದ ಬಂತು? ಕಲ್ಲುಕುಟಿಗ ತಿಪ್ಪಯ್ಯ ಹೇಳಿಕೊಟ್ಟದ್ದು. ರಾಯದುರ್ಗದ ಕಡೆ ರೈಲು ದಾರಿ ಕೆಲಸದಲ್ಲಿದ್ದಾಗ ಕಂತ್ರಾಟುದಾರರ ಬಾಯಲ್ಲಿ ಕೇಳಿದ್ದನಂತೆ. ಗೋಡೆ ಕಟ್ಟುವವನು ಯಾರು? ಅವನೇ.

ಸಾಹೇಬ ಮಾರನೇ ದಿನ ಡೇರೆ ಕಿತ್ತು ಹೋದ. ಈಗ ಹಡಗಿನಲ್ಲಿರಬಹುದು. ಆಣೆ ಮಾತ್ರ ಇಲ್ಲೇ ಇದೆ. ಅವನು ಅಂದದ್ದೇನು ಎಂದು ಗೊತ್ತಾಗಬೇಕು. ಗೊತ್ತು ಮಾಡಿಕೊಂಡೇ ಬಿಡುವುದು.

ಇವತ್ತು ಎರಡು ಪುಟ. ನಾಳೆ ಬರೆಯುವುದಿಲ್ಲ.

ಜನವರಿ ೧೬. ಶನಿವಾರ. ಮೊಳಕಾಲ್ಮೂರು, ಸ್ಕೂಲಿನ ಜಗಲಿ.

ಮೇಷ್ಟ್ರು ಬೆರಳು ನೋಡಿ ತಲೆಯಾಡಿಸಿದರು. ಹಲಗೆ ಮೇಲೆ ಬರೆದು ತೋರಿಸಿದರು. ಐದು ಅಕ್ಷರ. ನಾನು ಗುರುತಿಟ್ಟುಕೊಂಡದ್ದು ಹೀಗೆ—

ಎಸ್. ತಲೆಯೆತ್ತಿದ ಹಾವು.
ಎಚ್. ಎರಡು ಗೂಟ, ನಡುವೆ ಅಡ್ಡಗೋಲು. ಕುರಿ ಕೂಡುವ ರೊಪ್ಪದ ಬಾಗಿಲು.
ಎ. ಸಾಹೇಬನ ಡೇರೆ.
ಆರ್. ಒಂದು ಕಾಲು ಚಾಚಿ ಕೂತ ಮುದುಕಿ.
ಇ. ಹಲ್ಲು ಉದುರಿದ ಬಾಚಣಿಗೆ.

ಇಷ್ಟೂ ಕೂಡಿದರೆ ಶೇರ್. ಕೊನೆಯ ಬಾಚಣಿಗೆ ಬಾಯಿ ಬಿಡುವುದೇ ಇಲ್ಲ. ಸುಮ್ಮನೆ ಬಾಲದಲ್ಲಿ ನಿಂತಿರುತ್ತದೆ. "ಹಂಗಾದ್ರೆ ಯಾಕೆ ಇಟ್ಟವ್ರೆ?" ಎಂದೆ. "ಅದು ಹಿಂದೆ ನಿಂತ್ಕಂಡೇ ಮುಂದಿನವ್ರ ದನಿ ತಿದ್ದುತೈತೆ," ಎಂದರು. ಅರ್ಥವಾಗಲಿಲ್ಲ. ಬರೆದಿಟ್ಟಿದ್ದೇನೆ.

"ಆ ಸಾಹೇಬ್ರಿಗೆ ಕನ್ನಡ ಬರ್ತಿತ್ತಾ?" ಎಂದು ಮೇಷ್ಟ್ರು ಕೇಳಿದರು.

"ನೀರಿಗೆ ನೀಲು ಅಂತಿದ್ದ."

"ಹಂಗಿದ್ಮೇಲೆ ಸೇರಿ ಅನ್ನೋ ಮಾತು ಅವ್ರಿಗೆ ಹೆಂಗೆ ಬಂತು, ಪಾಲಯ್ಯನೋರೆ?"

ಎದ್ದು ಹೋಗಬೇಕೆನ್ನಿಸಿತು. ಹೋಗಲಿಲ್ಲ. ಇಂಗ್ಲಿಷೇ ಆಗಲಿ. ಆ ಇಂಗ್ಲಿಷಿನ ಅರ್ಥವಾದರೂ ಗೋಡೆಯೋ ಅಲ್ಲವೋ, ತಿಳಿಯಬೇಡವೇ? ಮೇಷ್ಟ್ರು ಹೇಳಿದ್ದು: ಹಂಚಿಕೊಳ್ಳು.

"ಹಂಚ್ಕಂಡ ಮ್ಯಾಲೆ ನಡುವೆ ಗೋಡೆ ಇರ್ತೈತಾ, ಇರಲ್ವಾ?"

"ಅದು ಆ ಮಾತಿನಾಗೆ ಇಲ್ಲ. ನೋಡ್ರಿ, ಹೋಳಿಗೆ ಹಂಚ್ಕಬೇಕು ಅಂದ್ರೆ ಮುರೀಬೇಕು. ಒಂದು ಕೋಣೆ ಇಬ್ರು ಹಂಚ್ಕಂಡ್ರೆ ಮುರಿಯಂಗಿಲ್ಲ, ಇಬ್ರೂ ಅದ್ರಾಗೇ ಮಲಗ್ತಾರೆ. ಎರಡಕ್ಕೂ ಅವ್ರು ಶೇರ್ ಅಂತಾರೆ."

"ದೊಣೆ ಹೋಳಿಗೇನೋ, ಕೋಣೇನೋ?"

"ಅದನ್ನ ಸಾಹೇಬ್ರನ್ನೇ ಕೇಳ್ಬೇಕು."

ಇದೇನು ಭಾಷೆಯೋ. ಮುರಿ ಎನ್ನುವುದಕ್ಕೂ ಮುರಿಯಬೇಡ ಎನ್ನುವುದಕ್ಕೂ ಒಂದೇ ಮಾತು. ಇಂಥದ್ದನ್ನು ಇಟ್ಟುಕೊಂಡು ರಾಜ್ಯ ಆಳುತ್ತಾರೆ!

ಜನವರಿ ೧೯. ಮಂಗಳವಾರ.

ದೊಣೆ ಬಂಡೆ ಮೇಲೆ ಸುಣ್ಣದ ಗೆರೆ. ತಿಪ್ಪಯ್ಯ ಎಳೆದದ್ದು. ಈ ದಡದಿಂದ ನೀರಿಗಿಳಿದು ಆ ದಡಕ್ಕೆ ಹತ್ತುತ್ತದೆ. ಬೋರಕ್ಕ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು.

"ಯಾರನ್ನ ಕೇಳಿ ಎಳ್ಸಿದೆ?" ಎಂದೆ.

"ಸಾಹೇಬ್ರನ್ನ ಕೇಳಿ. ನೀನೂ ಇದ್ದೆಲ್ಲಣ್ಣ ಅಲ್ಲಿ."

"ಸೇರಿ ಅಂದವ್ನೆ ಅವ್ನು."

"ಹೂಂ. ನಿನ್ನ ಜೊತೆ ಸೇರಿದ್ದು ಸಾಕಾಗೈತೆ. ನಲವತ್ತು ವರ್ಷ ಆತು ಸೇರಿ ಸೇರಿ."

ನಡುವೆ ತಿಪ್ಪಯ್ಯ ಬಾಯಿ ಹಾಕಿದ. ಅವನ ಮನೆಮಾತು ತೆಲುಗು. ನಾನು ಕೋಪದಲ್ಲಿ "ಪಾಲು ಪಾಲು ಅಂತ ಬಡ್ಕಂತೀಯಲ್ಲ, ಇಂಗ್ಲಿಷು ಕಲ್ತವ್ನು ನೀನು!" ಎಂದದ್ದಕ್ಕೆ, "ಪಾಲು ಅಂದ್ರೆ ನಮ್ಮಾಗೆ ಹಾಲೂ ಆಗ್ತದೆ ಗೌಡ. ದೊಣೆಗೆ ಹಾಲು ಹುಯ್ರಿ ಅಂದ್ರೇನೋ ಸಾಹೇಬ್ರು," ಎಂದ. ಬೋರಕ್ಕ ನಕ್ಕಳು. ನನಗೂ ನಗು ಬಂತು. ಬರಬಾರದಿತ್ತು. ಮುಖ ತಿರುಗಿಸಿಕೊಂಡು ಬಂದೆ.

ಗೋಡೆ ಯುಗಾದಿ ಕಳೆದ ಬುಧವಾರ ಶುರುವಂತೆ. ಅಲ್ಲಿಯವರೆಗೆ ಸಮಯ ಇದೆ. ಬಿಡುವುದಿಲ್ಲ.

ಜನವರಿ ೩೦. ಶನಿವಾರ.

ಇಷ್ಟು ದಿನ ಬರೆಯಲಿಲ್ಲ. ಮರಿ ಹಾಕುವ ಕಾಲ, ಕೈ ಬಿಡುವಿಲ್ಲ. ಸಂತೆಗೆ ಹೋಗುವ ಮುಂಚೆ ಬೆರಳಿಗೆ ಮಸಿ ಸವರಿಕೊಂಡು ಹೋದೆ. ಮೇಷ್ಟ್ರು ಬೆರಳನ್ನು ಮೂಗಿನ ಹತ್ತಿರ ತಂದು, "ಇದು ಪಾತ್ರೆ ತಳದ ಮಸಿ, ಪಾಲಯ್ಯನೋರೆ. ಒಗ್ಗರಣೆ ವಾಸ್ನೆ ಐತೆ," ಎಂದರು. ಹುಡುಗರೆಲ್ಲ ನಕ್ಕರು. ಒಬ್ಬನ ಕಿವಿ ಹಿಂಡಿದೆ.

ಕಡೆಗೆ ಮೇಷ್ಟ್ರೇ ದಾರಿ ಹೇಳಿದರು. ಇಂಗ್ಲಿಷಿನಲ್ಲಿ ಪ್ರತಿ ಮಾತಿಗೂ ಬುಡ ಇರುತ್ತದಂತೆ. ಯಾವ ಮಾತು ಯಾವುದರಿಂದ ಹುಟ್ಟಿತು ಎಂದು ಬರೆದಿಟ್ಟ ದೊಡ್ಡ ಡಿಕ್ಷನರಿ ಚಳ್ಳಕೆರೆಯ ವಕೀಲ ಜಯದೇವಪ್ಪನವರ ಹತ್ತಿರ ಇದೆಯಂತೆ. ಹೋದ ಸಲ ಕತ್ತರಿಸಿಟ್ಟ ಉಣ್ಣೆ ಹಾಕಲು ಹೇಗೂ ಚಳ್ಳಕೆರೆಗೆ ಹೋಗಬೇಕು. ಬುಡ ಕಂಡರೆ ಮರ ಯಾವುದು ಎಂದು ಗೊತ್ತಾಗದೇ?

ಫೆಬ್ರವರಿ ೫. ಶುಕ್ರವಾರ. ಚಳ್ಳಕೆರೆ, ಛತ್ರ. ಸಂಜೆ.

ಗಾಡಿಯಲ್ಲಿ ಕೂತು ಕೂತು ಸೊಂಟ ಬಿದ್ದಿದೆ. ಉಣ್ಣೆ ಇಳಿಸಿ ನೇರ ವಕೀಲರ ಮನೆಗೆ ಹೋದೆ.

"ಏನು ಕೇಸಪ್ಪಾ?"

"ಕೇಸಲ್ಲ ಬುದ್ಧಿ. ಒಂದು ಮಾತಿನ ಬುಡ ನೋಡ್ಬೇಕು."

"ಯಾವ ಮಾತು?"

ಗೋಡೆಗೆ ಮುಖ ಮಾಡಿ ನಿಂತು ಬೆರಳಲ್ಲಿ ಬರೆದು ತೋರಿಸಿದೆ. ಹಾವು, ರೊಪ್ಪದ ಬಾಗಿಲು, ಡೇರೆ, ಮುದುಕಿ, ಬಾಚಣಿಗೆ. ವಕೀಲರು ಕನ್ನಡಕದ ಮೇಲಿಂದ ನೋಡಿದರು. "ಸ್ಪೆಲಿಂಗ್ ಸರಿಯಾಗೈತೆ. ಯಾರು ಕಲಿಸಿದ್ದು?" ಎಂದರು. ಮೈ ಬಿಸಿಯಾಯಿತು, ಯಾಕೋ.

ಪುಸ್ತಕ ಮೂರು ತಿಂಗಳ ಮರಿಯಷ್ಟು ತೂಕ. ಪಕ್ಕದ ಕೋಣೆಯಿಂದ ಅವರೇ ಹೊತ್ತು ತಂದರು. ಪುಟ ತಿರುವಿ, ತಿರುವಿ, ಓದಿ, ಕನ್ನಡಕ ತೆಗೆದರು.

"ಹೇಳ್ರಿ ಬುದ್ಧಿ."

"ಇದರ ಬುಡ ಕತ್ತರಿಸೋದು ಕಣಯ್ಯ. ಅವರ ಹಳೇ ಭಾಷೇಲಿ ಕತ್ತರಿಸಿದ ತುಂಡಿಗೆ ಈ ಹೆಸರು. ತುಂಡು ತಗೊಳ್ಳೋದಕ್ಕೂ ಕೊಡೋದಕ್ಕೂ ಆಮೇಲೆ ಅದೇ ಮಾತು ಬಂತು. ಕುರಿ ಉಣ್ಣೆ ಕತ್ತರಿಸೋದಕ್ಕೆ ಇನ್ನೊಂದು ಮಾತೈತೆ, ಶಿಯರ್ ಅಂತ. ಎರಡೂ ಒಂದೇ ತಾಯಿ ಮಕ್ಕಳು."

"ಅಣ್ಣ ತಂಗಿ?"

"ಹಂಗೇ ಅನ್ಕೋ. ನೇಗಿಲ ಕುಳಕ್ಕೂ ಶೇರ್ ಅಂತಲೇ ಸ್ಪೆಲಿಂಗು. ನೆಲ ಸೀಳೋದಲ್ವಾ ಅದು."

ಶಿಯರ್ ಎನ್ನುವುದನ್ನೂ ಬರೆಸಿಕೊಂಡೆ. ನೋಡಿದರೆ ಅವೇ ಐದು ಅಕ್ಷರ! ಹೊಸದು ಒಂದೂ ಇಲ್ಲ. ಬಾಲದಲ್ಲಿ ಸುಮ್ಮನೆ ನಿಂತಿದ್ದ ಬಾಚಣಿಗೆ ಡೇರೆ ಮುದುಕಿ ಇಬ್ಬರನ್ನೂ ದಾಟಿ ಮುಂದೆ ಬಂದಿದೆ. ಅಷ್ಟೇ ವ್ಯತ್ಯಾಸ. ಅದು ಮುಂದೆ ಬಂದ ಕೂಡಲೇ ದನಿಯೇ ಬೇರೆ.

ಇರಲಿ. ವಿಷಯ ಅದಲ್ಲ. ಕತ್ತರಿಸು. ಸೀಳು. ತುಂಡು. ಎಲ್ಲ ಬೋರಕ್ಕನ ಕಡೆಯೇ. ವಕೀಲರ ಮನೆಯಿಂದ ಛತ್ರದವರೆಗೆ ಯಾವ ದಾರಿಯಲ್ಲಿ ಬಂದೆನೋ ಗೊತ್ತಿಲ್ಲ.

ಫೆಬ್ರವರಿ ೮. ಸೋಮವಾರ.

ಗಾಡಿ ಇಳಿದವನು ಮನೆಗೆ ಹೋಗಲಿಲ್ಲ. ಗುಡ್ಡ ಸುತ್ತಿ ಆಚೆ ಹಟ್ಟಿಗೇ ಹೋದೆ. ಬೋರಕ್ಕ ಮಜ್ಜಿಗೆ ಕಡೆಯುತ್ತಿದ್ದಳು.

"ನೀನು ಹೇಳಿದ್ದೇ ಸರಿ," ಎಂದೆ. "ಸಾಹೇಬ ಅಂದಿದ್ದು ಇಂಗ್ಲಿಷು. ಬುಡದಾಗೆ ಕತ್ತರಿಸು ಅಂತಲೇ ಐತೆ. ಚಳ್ಳಕೆರೆ ವಕೀಲ್ರು ಪುಸ್ತಕ ನೋಡಿ ಹೇಳಿದ್ರು."

ಕಡೆಗೋಲು ನಿಂತಿತು. "ಅಲ್ಲಿಗಂಟ ಹೋಗಿದ್ದು ಇದನ್ನ ಹೇಳಾಕಾ? ಬ್ಯಾರೆ ಏನೋ ಐತೆ ಅಂತ ಒಂದು ಸುಳ್ಳು ಹೇಳಾಕೆ ಬರ್ತಿರಲಿಲ್ವೇನಣ್ಣ ನಿನಗೆ?"

"ಆಣೆ ಇಟ್ಟೀವಿ."

"ಹೂಂ. ಇಟ್ಟೀವಿ."

ಒಂದು ಚೊಂಬು ಮಜ್ಜಿಗೆ ಮುಂದಿಟ್ಟಳು. ಕುಡಿಯಬಾರದು ಎಂದುಕೊಂಡೆ. ಕುಡಿದೆ. ಗೆದ್ದವಳ ಮುಖದಲ್ಲಿ ಗೆಲುವು ಕಾಣಲಿಲ್ಲ. ಅದು ಅವಳ ಪಾಡು.

ಫೆಬ್ರವರಿ ೨೦. ಶನಿವಾರ.

ಶಿವರಾತ್ರಿ ಕಳೆಯಿತು. ಬರೆಯಲು ಮನಸ್ಸಾಗಲಿಲ್ಲ. ಸೋತವನು ಏನು ಬರೆಯುವುದು?

ಸಂತೆಗೂ ಹೋಗಲಿಲ್ಲ. ಮೇಷ್ಟ್ರು ಆಳಿನ ಕೈಲಿ ಹೇಳಿ ಕಳಿಸಿದ್ದಾರೆ—"ಮಸಿ ಒಣಗಿಸಬೇಡಿ" ಎಂದು. ಅಧಿಕಪ್ರಸಂಗ. ಅದಕ್ಕೇ ಈ ನಾಲ್ಕು ಸಾಲು.

ನಿನ್ನೆ ದೊಣೆ ಹತ್ತಿರ ತಿಪ್ಪಯ್ಯ ಗೆರೆ ಉದ್ದಕ್ಕೂ ಸುತ್ತಿಗೆಯಲ್ಲಿ ಬಡಿದು ನೋಡುತ್ತಿದ್ದ. ಒಂದು ಕಡೆ ಗಟ್ಟಿ ಸದ್ದು. ಒಂದು ಕಡೆ ಡಬ್ ಡಬ್ ಎನ್ನುತ್ತದೆ, ಖಾಲಿ ಗುಡಾಣದ ಹಾಗೆ.

"ಏನದು ಸದ್ದು?"

"ಬಂಡೆ ಪದರ ಬಿಟ್ಟೈತೆ ಗೌಡ. ಗೋಡೆ ಪಾಯ ಕೂರಬೇಕು ಅಂದ್ರೆ ಒಡೀಲೇಬೇಕು. ಬಿರುಕು ಬಿಟ್ಟರೂ ಬಿಡಬೌದು, ಬಿಡದೆ ಇದ್ರೂ ಇರಬೌದು."

"ಬಿಟ್ರೆ?"

"ನೀರು ಕೆಳಕ್ಕೆ ಹೋಗ್ತದೆ."

"ಬೋರಕ್ಕನಿಗೆ ಹೇಳಿದ್ಯಾ?"

"ಹೇಳ್ದೆ. ಹೋದ್ರೆ ಇಬ್ಬರದೂ ಹೋಗ್ಲಿ ಅಂದ್ಲು. ನನಗೇನು, ಒಡಿ ಅಂದ್ರೆ ಒಡೀತೀನಿ."

ಇಬ್ಬರದೂ ಹೋಗಲಿ. ನಮ್ಮ ಅಪ್ಪನ ಬಾಯಿ ಇವಳಿಗೇ ಬಂದಿದೆ, ನನಗಲ್ಲ. ಈ ಗುಡ್ಡದಲ್ಲಿ ಬೇಸಿಗೆಗೆ ಬೇರೆ ನೀರು ಎಲ್ಲಿದೆ? ಎರಡು ಹಟ್ಟಿಯೂ ಗಂಟು ಕಟ್ಟಬೇಕಾಗುತ್ತದೆ.

ಒಡೆಯಲು ಬಿಡುವುದಿಲ್ಲ. ಆದರೆ ಆಣೆ?... ಆಣೆಯ ಒಳಗೇ ದಾರಿ ಹುಡುಕಬೇಕು. ಮಾತಿನ ಒಳಗೇ.

ಮಾರ್ಚ್ ೩. ಬುಧವಾರ.

ಇವತ್ತು ಉಣ್ಣೆ ಕತ್ತರಿಸಿದ್ದು. ಜಗಳ ಇರಲಿ ಬಿಡಲಿ, ಎರಡೂ ಹಟ್ಟಿ ಕುರಿಗೆ ಒಂದೇ ದಿನ, ನಮ್ಮ ರೊಪ್ಪದಲ್ಲೇ. ಮೊದಲಿಂದ ನಡೆದು ಬಂದದ್ದು. ಬೋರಕ್ಕ ಬಂದಳು. ನನ್ನ ಜೊತೆ ಮಾತಿಲ್ಲ. ಕರಿಯಕ್ಕನ ಜೊತೆ ಮಾತೇ ಮಾತು.

ಮಧ್ಯಾಹ್ನದ ಹೊತ್ತಿಗೆ ಕತ್ತರಿಸುವವರಲ್ಲಿ ಒಬ್ಬ, ಜಂಪಣ್ಣ, ಅವಸರ ಮಾಡಿ ಅವಳ ಒಂದು ಕುರಿಯ ಪಕ್ಕೆಗೆ ಗಾಯ ಮಾಡಿದ. ಬೋರಕ್ಕ ಎದ್ದು ಬಂದದ್ದೇ ಬಂದದ್ದು.

"ಏ ಮೂಳ! ಕತ್ತರಿಸು ಅಂದ್ರೆ ಉಣ್ಣೆ ಕತ್ತರಿಸೋ! ತೊಗಲು ಯಾಕೆ ತೆಗೀತೀಯ? ತೊಗಲು ಹೋದ ಮ್ಯಾಲೆ ಮುಂದಿನ ಸಲ ಉಣ್ಣೆ ಎಲ್ಲಿಂದ ಬರ್ತೈತೆ, ನಿಮ್ಮಪ್ಪನ ಗಡ್ಡದಾಗಿಂದ್ಲಾ?"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಕೈಯಲ್ಲಿದ್ದ ಕುರಿ ಬಿಟ್ಟು ಎದ್ದು ನಿಂತೆ. ಅರ್ಧ ಬೋಳಾದ ಕುರಿ ಹಾಗೇ ಓಡಿತು.

"ಬೋರಿ, ಈಗ ಅಂದೆಲ್ಲ, ಇನ್ನೊಂದು ಸಲ ಅನ್ನು."

"ಯಾವುದು? ಗಡ್ಡದ್ದಾ?"

"ಅದಕ್ಕೂ ಮೊದ್ಲು."

"ಕತ್ತರಿಸು ಅಂದ್ರೆ ಉಣ್ಣೆ ಕತ್ತರಿಸು ಅಂದೆ. ಯಾಕೆ, ತಪ್ಪಾ?"

"ಸರಿ. ನೂ‌ರಕ್ಕೆ ನೂರು ಸರಿ. ಸಾಹೇಬ ಅಂದ ಮಾತಿನ ಒಡಹುಟ್ಟಿದ್ದು ಇದೇ ಕತ್ತರಿಸೋದು. ಉಣ್ಣೆ ಕತ್ತರಿಸ್ತೀವಿ, ಕುರಿ ಕತ್ತರಿಸ್ತೀವಾ? ದೊಣೆ ಕುರಿ. ನೀರು ಉಣ್ಣೆ. ನೀರು ಕತ್ತರಿಸಾಣ. ಬಂಡೆಗೆ ಯಾಕೆ ಕತ್ತರಿ ಹಾಕ್ತೀಯ?"

ಕತ್ತರಿಗಳ ಸದ್ದು ನಿಂತುಹೋಯಿತು. ಬೋರಕ್ಕ ನನ್ನನ್ನೇ ನೋಡಿದಳು. ಗೆದ್ದೆ ಎಂದುಕೊಂಡೆ.

"ಆತು," ಎಂದಳು. "ನೀರು ಕತ್ತರಿಸಾಣ. ಯಾರು ಮೊದ್ಲು ಕುಡಿಸೋದು?"

"ಅದೇನು ಕೇಳ್ತೀಯ? ಮೊದಲಿಂದ ಹೆಂಗೈತೋ—"

"ಹಂಗಾದ್ರೆ ಗೋಡೆ," ಎಂದಳು. ಕುರಿಗೆ ಅರಿಶಿನ ಹಚ್ಚಲು ಹೋದಳು.

ಮಾರ್ಚ್ ೪. ಗುರುವಾರ.

ಕರಿಯಕ್ಕ ಮುದ್ದೆ ಬಡಿಸುತ್ತಾ ಹೇಳಿದಳು: "ಅವ್ಳು ಗೋಡೆ ಕೇಳಾಕತ್ತಿಲ್ಲ."

"ಮತ್ತೇನು ಕೇಳ್ತಾಳೆ?"

"ಒಂದು ದಿನ ಅವ್ಳ ಕುರಿ ಕುಡಿಯೋ ಹೊತ್ತಿಗೆ ಹೋಗಿ ನೋಡು."

"ಯಾಕೆ ಹೋಗ್ಲಿ? ನನ್ನವು ಕುಡಿದಾದ ಮ್ಯಾಲೆ ನನಗೇನು ಕೆಲಸ ಅಲ್ಲಿ?"

"ಅದಕ್ಕೇ ಹೇಳಿದ್ದು," ಎಂದು ಸಾರಿನ ಪಾತ್ರೆ ಕುಕ್ಕಿ ಒಳಗೆ ಹೋದಳು.

ಮಾರ್ಚ್ ೧೦. ಬುಧವಾರ.

ಹೋಗಿಲ್ಲ.

ಮಾರ್ಚ್ ೧೩. ಶನಿವಾರ.

ಮೇಷ್ಟ್ರಿಗೆ ಕುರಿ, ಉಣ್ಣೆ ಎಲ್ಲ ಹೇಳಿದೆ. ಹಲಗೆ ಹತ್ತಿರ ಕರೆದುಕೊಂಡು ಹೋಗಿ ಎರಡೂ ಮಾತನ್ನು ಒಂದರ ಕೆಳಗೊಂದು ಬರೆಸಿದರು. ಶೇರ್. ಶಿಯರ್. ನಾನೇ ಬರೆದೆ, ನೋಡಿಕೊಳ್ಳದೆ. ಒಂದೂ ತಪ್ಪಿಲ್ಲ.

"ಬುಡ ಸಿಕ್ತು, ಅರ್ಥ ಸಿಕ್ತು, ಸ್ಪೆಲಿಂಗ್ ಬಂತು. ಇನ್ನೇನು ಬಾಕಿ?" ಎಂದರು.

"ಯಾರು ಮೊದ್ಲು ಅಂತ ನಿಮ್ಮ ಇಂಗ್ಲಿಷಿನಾಗೆ ಎಲ್ಲಾದ್ರೂ ಬರ್ದೈತಾ?"

"ಇಲ್ಲ."

"ಯಾವುದಕ್ಕೂ ಆಗದ ಭಾಷೆ."

ಮೇಷ್ಟ್ರು ಹುಡುಗರ ಕಡೆ ತಿರುಗಿದರು. ಹಲಗೆ ಒರೆಸಲಿಲ್ಲ. ಬಾಚಣಿಗೆ ಮೇಲಿನ ಸಾಲಿನಲ್ಲಿ ಎಲ್ಲರ ಹಿಂದೆ. ಕೆಳಗಿನ ಸಾಲಿನಲ್ಲಿ ಇಬ್ಬರನ್ನು ದಾಟಿ ಮುಂದೆ. ನೋಡುತ್ತ ಬಹಳ ಹೊತ್ತು ನಿಂತೆ.

ಮಾರ್ಚ್ ೧೭. ಬುಧವಾರ.

ಹೋದೆ.

ನನ್ನ ಕುರಿ ಕುಡಿದು ಮೇವಿಗೆ ಹತ್ತಿದ ಮೇಲೆ, ಆಳಿಗೆ ಒಪ್ಪಿಸಿ, ಮೇಲಿನ ಬಂಡೆ ಮರೆಯಲ್ಲಿ ಕೂತೆ. ಬಿಸಿಲು ಏರಿತ್ತು. ದೊಣೆಯಲ್ಲಿ ನೀರಿರಲಿಲ್ಲ. ನೀರಿತ್ತು, ನೀರಿನ ಬಣ್ಣ ಇರಲಿಲ್ಲ. ನನ್ನ ಹಿಂಡು ತುಳಿದ ಕೆಸರು, ಹಿಕ್ಕೆ, ಉದುರಿದ ಕೂದಲು. ಅವಳ ಕುರಿ ಬಂದವು. ಮೂಸಿ ನೋಡಿ ತಲೆ ಎತ್ತಿದವು. ಬೋರಕ್ಕ ಕೊರಳು ಹಿಡಿದು ಬಗ್ಗಿಸಿದಳು. ಕುಡಿದವು, ಬೇರೆ ಏನು ಮಾಡುತ್ತವೆ?

ನಿಂಗಕ್ಕ ಬಿಂದಿಗೆ ಬಾಯಿಗೆ ಸೆರಗು ಕಟ್ಟಿ ಸೋಸುತ್ತಿದ್ದಳು. ಒಂದು ಸಲ ಸೋಸಿದಳು. ಹಿಂಡಿದಳು. ಮತ್ತೆ ಸೋಸಿದಳು. ನಾನು ಕಾಲು ಸರಿಸಿದ್ದಕ್ಕೆ ಒಂದು ಕಲ್ಲು ಉರುಳಿತು. ತಲೆ ಎತ್ತಿ ನೋಡಿದಳು.

"ಅಪ್ಪಾ? ಈ ಹೊತ್ತಿಗೆ ನೀನ್ಯಾಕೆ ಇಲ್ಲಿ?"

"ಸುಮ್ನೆ."

"ಬಿಸಿಲಾಗೆ ಸುಮ್ನೆನಾ? ನೀರು ಕೊಡ್ಲಾ?"

ಬಿಂದಿಗೆ ಎತ್ತಿ ಕೊಟ್ಟಳು. ಕುಡಿದೆ.

ಬೋರಕ್ಕ ದೂರದಿಂದ ನೋಡುತ್ತಿದ್ದಳು. ಏನೂ ಅನ್ನಲಿಲ್ಲ. ಅಂದಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ.

ನೀರಿನ ರುಚಿ ಬರೆಯುವುದಿಲ್ಲ.

ಮಾರ್ಚ್ ೧೮. ಗುರುವಾರ. ಮುಂಜಾನೆ.

ತೀರ್ಮಾನ ಮಾಡಿದ್ದೇನೆ. ಬಾಯಲ್ಲಿ ಹೇಳಲು ಹೋದರೆ ಎರಡನೇ ಮಾತಿಗೆ ಜಗಳವಾಗುತ್ತದೆ, ಮೂರನೆಯದು ಅವಳ ಕಿವಿಗೆ ಬೀಳುವುದೇ ಇಲ್ಲ. ಅದಕ್ಕೆ ಬರೆದುಕೊಂಡು ಹೋಗಿ ಗುಡಿ ಮೆಟ್ಟಿಲ ಮೇಲೆ ನಿಂತು ಓದುತ್ತೇನೆ. ಓದುವಾಗ ನಡುವೆ ಯಾರೂ ಬಾಯಿ ಹಾಕುವಂತಿಲ್ಲ, ಪುರಾಣ ಓದುವಾಗ ಹಾಕುತ್ತಾರೆಯೇ? ಮೇಷ್ಟ್ರು ಬರೆಸಿದ್ದು ಕಡೆಗೂ ಒಂದು ಉಪಯೋಗಕ್ಕೆ ಬಂತು. ಅವರಿಗೆ ಇದನ್ನು ಹೇಳುವುದಿಲ್ಲ.

ಕುರಿ ಇನ್ನೂ ಬಿಟ್ಟಿಲ್ಲ. ರೊಪ್ಪದಲ್ಲಿ ಅರಚುತ್ತಿವೆ. ಅರಚಲಿ, ಅಭ್ಯಾಸ ಆಗಬೇಕು. ಓದುವುದು ಹೀಗೆ—

ಬೋರಕ್ಕ, ಕೇಳು. ಮುಗಿಯುವವರೆಗೂ ಸುಮ್ಮನಿರು.

ಸಾಹೇಬ ಅಂದದ್ದು ಶೇರ್. ನನ್ನ ಕಿವಿಗೆ ಸೇರ್ ಎಂದು ಬಿತ್ತು, ಅದು ಕಿವಿಯ ಪಾಡು. ಆ ಮಾತಿನ ಬುಡ ಕತ್ತರಿ. ಒಪ್ಪಿದ್ದೇನೆ. ಆಣೆ ಉಳಿಯಬೇಕು, ಕತ್ತರಿಸಲೇಬೇಕು. ಹೊತ್ತನ್ನು ಕತ್ತರಿಸೋಣ. ಬಂಡೆಯನ್ನು ಬೇಡ. ತೊಗಲು ಹೋದ ಮೇಲೆ ಉಣ್ಣೆ ಇಲ್ಲ ಎಂದವಳು ನೀನೇ.

ಯುಗಾದಿ ದಿನದಿಂದ ಒಂದು ಬೆಳಿಗ್ಗೆ ನಿನ್ನ ಕುರಿ ಮೊದಲು, ಒಂದು ಬೆಳಿಗ್ಗೆ ನನ್ನವು. ಯುಗಾದಿ ಬೆಳಿಗ್ಗೆ ನಿನ್ನದು. ನಾನು ಮೇಲಿನ ಬಂಡೆ ಮೇಲೆ ಕೂತು ಕಾಯುತ್ತೇನೆ, ಎಷ್ಟು ಹೊತ್ತಾದರೂ. ಬಯ್ಯುವುದಿಲ್ಲ. ಬಯ್ದರೂ ಮೆಲ್ಲಗೆ. ಎರಡೂ ಹಿಂಡು ಬರುವ ಮೊದಲು ನಿಂಗಕ್ಕನ ಬಿಂದಿಗೆ ತುಂಬಬೇಕು. ದಿನಾಲೂ. ಇದರಲ್ಲಿ ಪಾಲಿಲ್ಲ, ಹಂಚಿಕೆ ಇಲ್ಲ, ಇಂಗ್ಲಿಷಿಲ್ಲ.

ಯಾಕೆ ಈಗ ಎಂದು ಕೇಳಬೇಡ. ಕೇಳಿದರೆ ಹೇಳುವುದಿಲ್ಲ.

ಬುಧವಾರ ತಿಪ್ಪಯ್ಯ ಸುತ್ತಿಗೆ ತರುತ್ತಾನೆ. ಅದಕ್ಕೂ ಮೊದಲು ನನಗೆ ಉತ್ತರ ಬೇಕು. ಭಾನುವಾರ ಅಮಾವಾಸ್ಯೆ. ಅವತ್ತು ಹೊತ್ತು ಮುಳುಗುವುದರೊಳಗೆ. ಹೂಂ ಅನ್ನು, ಇಲ್ಲ ಊಹೂಂ ಅನ್ನು. ಯೋಚನೆ ಮಾಡ್ತೀನಿ ಅನ್ನುವುದು ಬೇಡ. ನಿನ್ನ ಇಂಗ್ಲಿಷ್ ತಿಪ್ಪಯ್ಯನನ್ನು ಕೇಳುವುದು ಬೇಡ. ಎರಡರಲ್ಲಿ ಒಂದು, ಭಾನುವಾರದೊಳಗೆ, ನಡುವಿನದು ಯಾವುದೂ ಬೇಡ.